ಹೆಂಡತಿಯ ಕೆನ್ನೆ, ನನ್ನ ನಾಲಗೆ

ಒಂದು ಮಳೆಗಾಲ ಪೂರ್ತಿ ನಮ್ಮ ಊರಿನಲ್ಲಿ ನನಗೆ ಹೆಂಡತಿಗೆ ಹೊಡೆಯುವವನೆಂಬ ಹೆಸರಿತ್ತು. ಪೂರ್ತಿ ಸುಳ್ಳೆಂದು ಹೇಳುವಂತೆಯೂ ಇರಲಿಲ್ಲ. ಜಲಜಾಕ್ಷಿಯ ಎಡಗೆನ್ನೆ ಊದಿತ್ತು, ಕೋರೆಹಲ್ಲಿನ ತುದಿ ಹಾರಿಹೋಗಿತ್ತು, ಎರಡೂ ನನ್ನ ಮೊಣಕೈಯದೇ ಕೆಲಸ. ಆಗ ನಾನು ನಿದ್ದೆಯಲ್ಲಿದ್ದೆ ಎಂಬುದಕ್ಕೆ ಇದ್ದ ಒಂದೇ ಸಾಕ್ಷಿ ಅದೇ ಊದಿದ ಕೆನ್ನೆಯವಳು.

ಉಪ್ಪಳದಿಂದ ಸ್ವಲ್ಪ ಒಳಗೆ, ಮಂಗಲ್ಪಾಡಿಯಲ್ಲಿ ನನ್ನದೊಂದು ಹಿಟ್ಟಿನ ಮಿಲ್ಲು ಉಂಟು. ಅಕ್ಕಿ, ಗೋಧಿ, ಮೆಣಸು, ಕೊತ್ತಂಬರಿ ಹುಡಿ ಮಾಡಿಕೊಡುವುದು ಕೆಲಸ. ಒಬ್ಬಳೇ ಮಗಳು ಮದುವೆಯಾಗಿ ಗಂಡನ ಜೊತೆ ಗಲ್ಫಿನಲ್ಲಿದ್ದಾಳೆ. ಸ್ವಭಾವದಿಂದ ನಾನು ಅಂಜುಬುರುಕ. ಗ್ಯಾಸಿನ ನಾಬು ಮುಚ್ಚಿದೆಯೋ ಇಲ್ಲವೋ ಎಂದು ಗೇಟಿನಿಂದ ಹಿಂದೆ ಬರುವವನು; ಮುಚ್ಚಿದ್ದನ್ನು ನೋಡಿ, ನೋಡುವಾಗ ಕೈ ತಾಗಿ ತೆರೆದಿರಬಹುದೇ ಎಂದು ಇನ್ನೊಮ್ಮೆ ಬರುವವನು. ಹಗಲು ಒಂದು ಇರುವೆಗೂ ಹೊಡೆಯದ ಇಂಥ ಪ್ರಾಣಿ ಕಣ್ಣು ಮುಚ್ಚಿದರೆ ಕಾಳಗಕ್ಕೆ ಇಳಿಯುತ್ತಿತ್ತು.

ಗೊರಕೆ ಮೊದಲಿನಿಂದಲೂ ಇತ್ತು. ಪಕ್ಕದ ಮನೆಯ ಆಯಿಸುಮ್ಮ, "ವಿಶ್ವಣ್ಣನ ಮಿಲ್ಲು ರಾತ್ರಿಯೂ ಓಡ್ತದೆ" ಎಂದು ತಮಾಷೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಗೊರಕೆಯಲ್ಲ ಅಪಾಯ, ಅದು ನಿಲ್ಲುವುದು ಅಪಾಯ ಎಂದು ಆಗ ನಮಗೆ ತಿಳಿದಿರಲಿಲ್ಲ. ಜಲಜ ಹೇಳುವ ಪ್ರಕಾರ, ಜೋರಾಗಿ ಓಡುತ್ತಿದ್ದ ಸದ್ದು ಬೆಲ್ಟು ಕಡಿದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಏನೂ ಇಲ್ಲ. ಎದೆ ಏಳುವುದಿಲ್ಲ, ಮೂಗಿನಲ್ಲಿ ಗಾಳಿಯಿಲ್ಲ, ತುಟಿ ನೇರಳೆ. ಅವಳು ಕಾಯುತ್ತಿದ್ದಳು, ಆಮೇಲೆ ಹೊಡೆಯುತ್ತಿದ್ದಳು. ಮೊದಲು ಭುಜಕ್ಕೆ, ಆಮೇಲೆ ಪಕ್ಕೆಗೆ, ಕೊನೆಗೆ ಎರಡೂ ಮುಷ್ಟಿಯಿಂದ ಎದೆಗೆ. ಆಗ ನಾನು ಕೋಣದ ಹಾಗೆ ಅರಚಿ ಗಾಳಿ ಎಳೆದುಕೊಳ್ಳುತ್ತಿದ್ದೆ, ಕೈಕಾಲು ಬೀಸುತ್ತಿದ್ದೆ.

ನನ್ನ ಕಡೆಯಿಂದ ಅದು ಬೇರೆಯೇ ಇತ್ತು. ಯಾರೋ ನನ್ನನ್ನು ಶಿರಿಯ ಹೊಳೆಯಲ್ಲಿ ಮುಳುಗಿಸಿ ತಲೆಯನ್ನು ಕೆಸರಿಗೆ ಒತ್ತಿ ಹಿಡಿಯುತ್ತಿದ್ದರು. ಅವರ ಮುಖ ಎಂದೂ ಕಾಣುತ್ತಿರಲಿಲ್ಲ. ಬಾಯಿಗೆ ಕೆಸರು, ಕಿವಿಯಲ್ಲಿ ನೀರು, ಎದೆಯ ಒಳಗೆ ಏನೋ ಒಡೆಯಲು ಹೊರಟ ಹಾಗೆ. ಅವರಿಂದ ತಪ್ಪಿಸಿಕೊಳ್ಳಲು ಹೊಡೆಯುತ್ತಿದ್ದೆ, ಕಚ್ಚುತ್ತಿದ್ದೆ, ಒದೆಯುತ್ತಿದ್ದೆ. ಕಣ್ಣು ಬಿಟ್ಟರೆ ಹಾಸಿಗೆ ಚೆಲ್ಲಾಪಿಲ್ಲಿ, ಮೈಯಿಡೀ ಬೆವರು, ಗೋಡೆಗೆ ಒರಗಿ ಏದುಸಿರು ಬಿಡುವ ಜಲಜ. "ಬಂತಾ ಉಸಿರು? ಮಲಗಿ" ಎನ್ನುತ್ತಿದ್ದಳು. ನಾನು ಮಲಗುತ್ತಿದ್ದೆ. ಅವಳು ಮಲಗುತ್ತಿದ್ದಳೋ ಎಂದು ಕೇಳಿದ ನೆನಪಿಲ್ಲ.

ಹಗಲು ನಾನು ಅರ್ಧ ಹೆಣ. ಮೆಣಸು ಹುಡಿ ಮಾಡಿದ ಮೇಲೆ ಯಂತ್ರ ಸ್ವಚ್ಛ ಮಾಡದೆ, ನಿಂತಲ್ಲೇ ತೂಕಡಿಸಿ, ಮದುವೆ ಮನೆಯವರ ಅಕ್ಕಿಯನ್ನು ಅದಕ್ಕೇ ಸುರಿದಿದ್ದೆ. ಕೆಂಪು ಅಕ್ಕಿಹಿಟ್ಟು ತೆಗೆದುಕೊಂಡು ಹೋದ ಹೆಂಗಸು ಮರುದಿನ ಹೇಳಿದ ಮಾತುಗಳನ್ನು ಇಲ್ಲಿ ಬರೆಯಲಾಗದು.

ಮೊಣಕೈ ತಾಗಿದ್ದು ಅಂಥ ಒಂದು ರಾತ್ರಿಯ ಕಾಳಗದಲ್ಲಿ. ಆ ವಾರ ನೆರೆಕರೆಯ ಹೆಂಗಸರ ಸಭೆ, ನಮ್ಮಲ್ಲಿ ಅಯಲ್‌ಕೂಟ ಎನ್ನುತ್ತಾರೆ, ಆಯಿಸುಮ್ಮನ ಜಗಲಿಯಲ್ಲಿ ಇತ್ತು. ಜಲಜ ಊದಿದ ಕೆನ್ನೆ ಹೊತ್ತುಕೊಂಡೇ ಹೋದಳು. ಎಂತ ಆಯಿತು ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳು, "ಇವರು ನಿದ್ದೆಯಲ್ಲಿ ಹೊಡೆದದ್ದು. ಅವರಿಗೆ ಗೊತ್ತೇ ಇಲ್ಲ ಪಾಪ" ಎಂದಳು.

ಯಾರೂ ನಂಬಲಿಲ್ಲವಂತೆ. ಬಚ್ಚಲಲ್ಲಿ ಜಾರಿದೆ, ಕಪಾಟಿನ ಬಾಗಿಲು ತಾಗಿತು, ದನ ಹಾಯಿತು ಎಂಬುದನ್ನೆಲ್ಲ ಆ ಜಗಲಿ ಕೇಳಿತ್ತು. ಇಷ್ಟು ಬಡಪಾಯಿ ಸುಳ್ಳನ್ನು ಕೇಳಿರಲಿಲ್ಲ. ಜೊತೆಗೆ ರಾತ್ರಿಯ ಅರಚಾಟ, ದಬದಬ ಏಟಿನ ಸದ್ದು ಸುತ್ತಲಿನ ಮನೆಗಳಿಗೆಲ್ಲ ಕೇಳುತ್ತಿತ್ತು. ಏಟು ತಿನ್ನುತ್ತಿದ್ದವನು ನಾನು ಎಂದು ಗೋಡೆಯ ಆಚೆಯಿಂದ ಹೇಗೆ ಗೊತ್ತಾಗಬೇಕು?

ಎರಡು ದಿನದಲ್ಲಿ ನಮ್ಮ ವಾರ್ಡ್ ಮೆಂಬರ್ ಸುನಂದಕ್ಕ ಮಿಲ್ಲಿಗೆ ಬಂದರು. ಕೈಯಲ್ಲಿ ಹುಡಿ ಮಾಡಿಸುವ ಚೀಲ ಇರಲಿಲ್ಲ.

"ಮೆಷೀನು ಬಂದ್ ಮಾಡಿ ವಿಶ್ವಣ್ಣ."

ಮಾಡಿದೆ.

"ಜಲಜ ಎಷ್ಟು ಒಳ್ಳೆಯವಳು ಅಂತ ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು."

"ಮತ್ತೆ ಹೊಡೆಯುವುದು ಎಂತಕ್ಕೆ?"

"ನಾನು ಹೊಡೆಯುವುದಲ್ಲ ಸುನಂದಕ್ಕ, ಅವಳು ಹೊಡೆಯುವುದು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ತೂಕದಲ್ಲಿ ಜಲಜೆಯ ಎರಡು ಪಟ್ಟು ಇದ್ದೆ. "ನಾಚಿಕೆ ಆಗ್ಬೇಕು" ಎಂದರು. "ಇನ್ನೊಂದು ಸಲ ಸದ್ದು ಕೇಳಿದರೆ ನಾನು ಮಾತಾಡಲಿಕ್ಕೆ ಬರುವುದಲ್ಲ, ಪೊಲೀಸರನ್ನು ಕರ್ಕೊಂಡೇ ಬರುವುದು."

ಬೈಗುಳ ತಡೆದುಕೊಳ್ಳಬಹುದು. ತಡೆಯಲಾಗದ್ದು ಆಮೇಲೆ ಸಿಕ್ಕಿದ ಮರ್ಯಾದೆ. ಚಾದ ಹೋಟೆಲಿನಲ್ಲಿ ಎಂದೂ ನನ್ನತ್ತ ನೋಡದ ಒಬ್ಬಾತ ಬೆಂಚಿನಲ್ಲಿ ಸರಿದು ಜಾಗ ಕೊಟ್ಟ. ಇನ್ನೊಬ್ಬ, ಗೋಧಿ ಹಿಟ್ಟು ಕಟ್ಟಿಸಿಕೊಳ್ಳುತ್ತಾ ಬಗ್ಗಿ, ತನ್ನ ಜಾತಿಯವನೊಬ್ಬ ಸಿಕ್ಕಿದ ಸಂತೋಷದಲ್ಲಿ, ಮೆಲ್ಲಗೆ ಹೇಳಿದ: "ಮುಖಕ್ಕೆ ಹೊಡೀಬಾರ್ದು ಮಾರಾಯ, ಕಾಣ್ತದೆ." ಚೀಲ ಹೆಗಲಿಗೇರಿಸಿ ಹೋದ. ಅವನ ಹೆಂಡತಿ ತಿಂಗಳಿಗೊಮ್ಮೆ ಮೆಣಸು ತರುವವಳು, ಸದಾ ತೋಳು ಮುಚ್ಚುವ ರವಿಕೆ. ನನ್ನ ಮನೆಯ ಕಾಯಿಲೆಯ ಪಕ್ಕದಲ್ಲೇ ಅದರದೇ ಮುಖವಾಡ ಹಾಕಿಕೊಂಡು ಬೇರೊಂದು ಕಾಯಿಲೆ ಎಷ್ಟು ಆರಾಮವಾಗಿ ಓಡಾಡುತ್ತಿತ್ತು! ಅಂದಿನಿಂದ ಸುನಂದಕ್ಕನ ಮೇಲೆ ನನಗಿದ್ದ ಸಿಟ್ಟು ಹೋಯಿತು. ಅವರು ಬಂದದ್ದು ತಪ್ಪು ಮನೆಗೆ, ಅಷ್ಟೆ.

ಸುದ್ದಿ ಪುತ್ತಿಗೆಗೂ ತಲುಪಿತು. ಜಲಜೆಯ ತಮ್ಮ ಉದಯ ಅಲ್ಲಿ ಗೂಡ್ಸ್ ಟೆಂಪೋ ಓಡಿಸುತ್ತಾನೆ. ಭಾವ, ನೀವು, ತಾವು ಎಂದೇ ಮಾತಾಡಿದವನು. ಆ ದಿನ ಟೆಂಪೋ ಮಿಲ್ಲಿನ ಎದುರು ಅಡ್ಡ ನಿಲ್ಲಿಸಿ ಇಳಿದವನ ಬಾಯಲ್ಲಿ ನೀವು ಇರಲಿಲ್ಲ.

"ನನ್ನ ಅಕ್ಕನಿಗೆ ಕೈ ಮಾಡುವಷ್ಟು ದೊಡ್ಡವನಾದೆಯಾ ನೀನು?"

ಅಂಗಿ ಹಿಡಿದು ಗೋಡೆಗೆ ಅಪ್ಪಳಿಸಿದ. ಮೇಲಿನ ಹಲಗೆಯ ಮೇಲೆ ವರ್ಷಗಟ್ಟಲೆ ಕೂತ ಹಿಟ್ಟೆಲ್ಲ ನಮ್ಮಿಬ್ಬರ ಮೇಲೆ ಬಿತ್ತು. ಕೆನ್ನೆಗೊಂದು ಬಿಟ್ಟ. ಕಿವಿಯಲ್ಲಿ ಗುಂಯ್ ಎಂದಿತು, ಬಾಯಲ್ಲಿ ಉಪ್ಪು ರುಚಿ. ಬೆಳ್ಳಗಾದ ನಾವಿಬ್ಬರು ಹಾಗೆ ನಿಂತಿರುವಾಗ ಊಟದ ಬುತ್ತಿ ತಂದ ಜಲಜ ಬಂದಳು. ಬುತ್ತಿ ಕೆಳಗಿಟ್ಟು, ಉದಯನ ಬೆನ್ನಿಗೆ ಗುದ್ದಿದಳು. ಅವಳ ಗುದ್ದು ನನಗೆ ಗೊತ್ತು; ಅವನು ಎರಡು ಹೆಜ್ಜೆ ಮುಂದೆ ಹೋದ.

"ಅವರಿಗೆ ಹೊಡೀಲಿಕ್ಕೆ ನಾನಿದ್ದೇನೆ. ನಿನಗೆ ಯಾರು ಹೇಳಿದ್ದು?"

"ಅಕ್ಕ, ನೀನು ಅವನನ್ನು ಉಳಿಸ್ಲಿಕ್ಕೆ ಸುಳ್ಳು ಹೇಳುವುದು."

"ಹೌದು, ಉಳಿಸ್ಲಿಕ್ಕೇ! ಪ್ರತಿ ರಾತ್ರಿ ಉಳಿಸುವುದು ನಾನು. ನಂಬಿಕೆ ಇಲ್ಲದಿದ್ರೆ ಇವತ್ತು ನೀನೇ ಬಂದು ಕೂತ್ಕೋ."

ಉದಯ ಬಂದ. ನಮ್ಮ ಕೋಣೆಯಲ್ಲಿ ಕುರ್ಚಿ ಹಾಕಿ, ಕಾವಲುಗಾರನ ಹಾಗೆ ಕೈಕಟ್ಟಿ ಕೂತ. ನೋಡುವವರಿದ್ದರೆ ನಿದ್ದೆ ಬರುತ್ತದೋ ಎಂದು ನನಗೆ ಚಿಂತೆ; ಚಿಂತೆ ಮುಗಿಯುವ ಮೊದಲೇ ನಿದ್ದೆ ಬಂತಂತೆ. ಮುಂದಿನದು ಅವನ ಬಾಯಿಂದಲೇ ಕೇಳಿದ್ದು. ಸದ್ದು ನಿಂತಿತು. ಜಲಜ, "ಈಗ ನೋಡು, ಮುಟ್ಟಬೇಡ" ಎಂದಳು. ಅವನು ನೋಡಿದ. ನನ್ನ ಹೊಟ್ಟೆ ಒಳಗೆ ಹೋಗುತ್ತಿತ್ತು, ಗಂಟಲು ಗುಳಿ ಬೀಳುತ್ತಿತ್ತು, ಗಾಳಿ ಇರಲಿಲ್ಲ. ಮುಖ ಕಪ್ಪಿಡುತ್ತಾ ಬಂತು. "ಅಕ್ಕ, ಎಬ್ಬಿಸು" ಎಂದ. "ಇನ್ನೂ ಇದಕ್ಕಿಂತ ಹೆಚ್ಚು ಹೋಗ್ತದೆ" ಎಂದಳು. ತಡೆಯಲಾರದೆ ಅವನೇ ಹಾಸಿಗೆಗೆ ಹಾರಿ ನನ್ನ ಎರಡೂ ಭುಜ ಹಿಡಿದು ಕುಲುಕಿದ. ಹೊಳೆಯಲ್ಲಿ ನನ್ನ ತಲೆ ಒತ್ತುತ್ತಿದ್ದವನು ಕೊನೆಗೂ ಕೈಗೆ ಸಿಕ್ಕಿದ ಹಾಗಾಯಿತು ನನಗೆ. ಮೊಣಕಾಲಲ್ಲಿ ಒದ್ದೆ. ಎಲ್ಲಿಗೆ ಎಂದು ಹೇಳುವುದು ಬೇಡ. ಅವನು ನೆಲದ ಮೇಲೆ ಬಹಳ ಹೊತ್ತು ಮುದುಡಿ ಬಿದ್ದಿದ್ದ.

ಬೆಳಿಗ್ಗೆ ನನಗೆ ಚಾ ಕೊಟ್ಟದ್ದು ಅವನೇ. "ಭಾವ, ತಪ್ಪಾಯ್ತು" ಎಂದ. ಹೋಗಿದ್ದ ನೀವು ಮರಳಿ ಬಂದಿತ್ತು. "ಇದು ಹೊಡೆದಾಟ ಅಲ್ಲ ಮಾರಾಯ್ರೆ. ಇದು ಸಾಯುವುದು. ಅಕ್ಕ ದಿನಾ ಇದನ್ನು ನೋಡ್ತಾಳಾ?" ಕುಂಟುತ್ತಲೇ ಸುನಂದಕ್ಕನ ಮನೆಗೆ ಹೋಗಿ ಸಾಕ್ಷಿ ಹೇಳಿದ. ಅವರು ಅವನ ನಡಿಗೆ ನೋಡಿ ನಂಬಿದರಂತೆ.

ಆಮೇಲೆ ನನ್ನನ್ನು ತೋರಿಸಲು ಹೋದ ಮಂಗಳೂರಿನ ಆಸ್ಪತ್ರೆಯಲ್ಲಿ, ನಿದ್ದೆಯ ಕಾಯಿಲೆ ನೋಡುವ ವಿಭಾಗದ ಹೊರಗೆ ಕಂಡ ನೋಟವನ್ನು ನಾನು ಮರೆಯುವುದಿಲ್ಲ. ಸಾಲು ಕುರ್ಚಿಗಳಲ್ಲಿ ದಪ್ಪ ಕತ್ತಿನ ಗಂಡಂದಿರೆಲ್ಲ ಬಾಯಿ ತೆರೆದು ಮಲಗಿದ್ದರು. ಅವರ ಪಕ್ಕದಲ್ಲಿ ಕಣ್ಣ ಕೆಳಗೆ ಕಪ್ಪು ಹೊತ್ತ ಹೆಂಡಂದಿರೆಲ್ಲ ನೆಟ್ಟಗೆ ಕೂತಿದ್ದರು. ನಾನೂ ತೂಕಡಿಸುತ್ತಿದ್ದೆ, ಕಿವಿ ಮಾತ್ರ ತೆರೆದಿತ್ತು.

"ನೀವು ಎಲ್ಲಿಗೆ ಹೊಡೆಯುವುದು?" ಪಕ್ಕದ ಹೆಂಗಸು ಕೇಳಿದಳು.

"ಪಕ್ಕೆಗೆ. ಏಳದಿದ್ರೆ ಎದೆಗೆ" ಎಂದಳು ಜಲಜ. "ನೀವು?"

"ನಾನು ಕಾಲಿನ ಕೂದಲು ಎಳೆಯುವುದು. ಕೈಗೆ ನೋವಾಗುವುದಿಲ್ಲ."

"ಹೌದಾ! ಅದು ನನಗೆ ಹೊಳೀಲೇ ಇಲ್ಲ ನೋಡಿ."

ಇಬ್ಬರೂ ನಕ್ಕರು, ನಗುತ್ತಾ ಇಬ್ಬರ ಕಣ್ಣಲ್ಲೂ ನೀರು ಬಂತು. ಅಷ್ಟು ವರ್ಷದಲ್ಲಿ ಜಲಜ ಈ ವಿಷಯ ಹೇಳಿ ನಂಬಿಸಬೇಕಾಗಿಲ್ಲದ ಮೊದಲ ಹೆಂಗಸು ಅವಳು.

ತಲೆಗೆ ವಯರು ಅಂಟಿಸಿ ಮಲಗಿಸಿ ಪರೀಕ್ಷೆ ಮಾಡಿದರು. ಮೊದಲು ಕೊಟ್ಟದ್ದು ಗಾಳಿ ಊದುವ ಯಂತ್ರ. ಮೂಗುಬಾಯಿಗೆ ಮುಖವಾಡ ಕಟ್ಟಿಕೊಂಡು ಮಲಗಬೇಕು. ತುಂಬ ಜನರಿಗೆ ಅದರಿಂದಲೇ ಹೊಸ ಜೀವ ಬಂದಿದೆ, ಇದನ್ನು ಓದುವವರು ದಯವಿಟ್ಟು ನನ್ನ ಕಥೆ ಕೇಳಿ ಅದನ್ನು ಬಿಡಬೇಡಿ. ನನ್ನ ಮಟ್ಟಿಗೆ ಅದು ಹೊಳೆಯಲ್ಲಿ ಒತ್ತಿ ಹಿಡಿಯುತ್ತಿದ್ದವನ ಅಂಗೈ. ನಿದ್ದೆಯಲ್ಲಿ ಪಟ್ಟಿ ಹರಿದೆ, ಕೊಳವೆ ಕಿತ್ತೆ, ಒಂದು ದಿನ ಯಂತ್ರವನ್ನೇ ಗೋಡೆಗೆ ಎಸೆದೆ. ಅದರ ಮೇಲೆ ನಮ್ಮ ಕಡೆಯ ಕರೆಂಟು: ಗಾಳಿಗೆ ಎಲ್ಲೋ ಒಂದು ತೆಂಗಿನ ಮಡಲು ತಂತಿಗೆ ಬಿದ್ದರೆ ಯಂತ್ರ ಸ್ತಬ್ಧ, ಜಲಜೆಯ ಮುಷ್ಟಿ ಚಾಲೂ.

ಆಮೇಲೆ ಡಾಕ್ಟ್ರು ನನಗೆ ಮದ್ದಿನ ನಿದ್ದೆ ಬರಿಸಿ ಮೂಗಿನಿಂದ ಕ್ಯಾಮರಾ ಇಳಿಸಿ ನೋಡಿದರು. ನನ್ನ ಕತ್ತು ಹಿಚುಕುತ್ತಿದ್ದವನು ಸಿಕ್ಕಿಬಿದ್ದ: ನನ್ನದೇ ನಾಲಗೆ. ಅದರ ಬುಡ ವಿಪರೀತ ದಪ್ಪ. ಮೈ ಸಡಿಲಾದ ಕೂಡಲೇ ಹಿಂದೆ ಬಿದ್ದು ದಾರಿ ಮುಚ್ಚುತ್ತಿತ್ತು.

"ಹಿಂದಿನಿಂದ ಸ್ವಲ್ಪ ತೆಗೀಬಹುದು" ಎಂದರು ಡಾಕ್ಟ್ರು.

"ಸ್ವಲ್ಪ ಅಂದ್ರೆ?"

"ಒಂದು ನೆಲ್ಲಿಕಾಯಿಯಷ್ಟು ಅಂತ ಇಟ್ಕೊಳ್ಳಿ."

"ರಕ್ತ?"

"ಬರಬಹುದು. ಒಂದು ವಾರ ಕಳೆದ ಮೇಲೂ ಬರುವ ಸಾಧ್ಯತೆ ಉಂಟು. ನುಂಗಲಿಕ್ಕೆ, ಮಾತಿಗೆ, ರುಚಿಗೆ ಕೆಲವು ಕಾಲ ಕಷ್ಟ. ಕೆಲವರಿಗೆ ಸ್ವಲ್ಪ ಉಳಿಯುತ್ತದೆ. ಪೂರ್ತಿ ಗುಣ ಆಗ್ತದೆ ಅಂತ ಮಾತು ಕೊಡುವುದಿಲ್ಲ."

ಗ್ಯಾಸಿನ ನಾಬಿಗೇ ಹೆದರುವವನ ಮುಂದೆ ಇಷ್ಟೊಂದು ಹರಡಬಾರದಿತ್ತು. ಹಿಂದೆ ಬರುವಾಗ ಬಸ್ಸಿನಲ್ಲಿ ಒಂದೊಂದನ್ನೂ ಎತ್ತಿ ಜಲಜೆಗೆ ತೋರಿಸಿದೆ. ಮಾತು ಹೋದರೆ? ಮೆಷೀನಿನ ಸದ್ದಿನ ಮೇಲೆ ಗಿರಾಕಿಗಳೊಡನೆ ಕೂಗಬೇಕಾದವನು ನಾನು. ರುಚಿ ಹೋದರೆ? ಟೇಬಲ್ಲಿನ ಮೇಲೇ ಸತ್ತರೆ? ತಲಪಾಡಿ ಗಡಿ ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಆಮೇಲೆ ತಿರುಗಿದಳು.

"ನಾನು ಸರಿಯಾಗಿ ನಿದ್ದೆ ಮಾಡಿ ಎಷ್ಟು ಕಾಲ ಆಯ್ತು, ಗೊತ್ತುಂಟಾ ನಿಮಗೆ? ಒಂದು ದಿನ ನನಗೆ ಕಣ್ಣು ಹತ್ತಿದರೆ ಬೆಳಗಾಗುವಾಗ ನೀವು ಇರುವುದಿಲ್ಲ. ಅದೊಂದೇ ನನ್ನ ತಲೆಯಲ್ಲಿ ಓಡುವುದು. ಹಗಲು ಮಲಗುವಾ ಅಂದ್ರೂ ಅದೇ. ನನ್ನ ನಿದ್ದೆಯೇ ನಿಮ್ಮನ್ನು ಕೊಲ್ತದೆ ಅಂತ." ಸ್ವರ ಏರಿಸಲಿಲ್ಲ. "ಮಾತು ಹೋದ್ರೆ ಹೋಗ್ಲಿ. ನಿಮ್ಮ ಮಾತಿನಲ್ಲಿ ನೆಲ್ಲಿಕಾಯಿಯಷ್ಟು ಕಮ್ಮಿಯಾದ್ರೆ ಯಾರಿಗೂ ನಷ್ಟ ಇಲ್ಲ."

ನಾನು ಒಪ್ಪಿದ್ದು ಧೈರ್ಯದಿಂದಲ್ಲ. ಬಸ್ಸಿನ ಬೆಳಕಿನಲ್ಲಿ ಅವಳ ಮುಖವನ್ನು ಸರಿಯಾಗಿ ನೋಡಿದೆ. ಅದು ಹೊಡೆಸಿಕೊಂಡವಳ ಮುಖವೇ ಆಗಿತ್ತು. ಸುನಂದಕ್ಕನಿಗೆ ಕಣ್ಣಿನ ದೋಷವಿರಲಿಲ್ಲ.

ಆಪರೇಷನ್ ಆದ ಮೇಲೆ ಎಚ್ಚರಾದಾಗ ಮೂಗಿನೊಳಗಿಂದ ಗಂಟಲಿಗೆ ಕೊಳವೆ, ಕೈ ಎರಡೂ ಮಂಚಕ್ಕೆ ಬ್ಯಾಂಡೇಜಿನಲ್ಲಿ ಕಟ್ಟಿತ್ತು. ಕೊಳವೆ ಕೀಳದಿರಲಿ ಎಂದು ಎಲ್ಲರಿಗೂ ಕಟ್ಟುತ್ತಾರಂತೆ. ನನ್ನ ಖ್ಯಾತಿ ಇಲ್ಲಿಗೂ ಬಂದಿದೆ ಎಂದೇ ನಾನು ತಿಳಿದೆ. ಬಾಯಿಯೊಳಗೆ ನಾಲಗೆ ಇರಲಿಲ್ಲ, ಅದರ ಜಾಗದಲ್ಲಿ ಬೆಂದ ಕಲ್ಲೊಂದನ್ನು ತುರುಕಿದ್ದರು. ಉಗುಳು ನುಂಗಿದರೆ ಕಿವಿಯೊಳಗೆ ಸೂಜಿ ಇಳಿಯುತ್ತಿತ್ತು. ಕೊಳವೆಗೆ ಸಿಕ್ಕಿದ ರಕ್ತವನ್ನು ಯಂತ್ರದಲ್ಲಿ ಹೀರುವಾಗ ಇಡೀ ಮೈ ಮಂಚದಿಂದ ಏಳುತ್ತಿತ್ತು. ಕಣ್ಣೂರು ಕಡೆಯ ಒಬ್ಬ ನರ್ಸ್ ಹುಡುಗಿ, "ಚೇಟ್ಟಾ, ಕೈ ಎಳೀಬೇಡಿ, ಗಾಳಿ ಹೋಗ್ತಾ ಉಂಟು, ನೋಡಿ, ಹೋಗ್ತಾ ಉಂಟು" ಎನ್ನುತ್ತಾ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದಳು. ಆ ತೇವದ ಬೆಲೆ ಏನೆಂದು ಬಾಯಾರಿದವರನ್ನೇ ಕೇಳಬೇಕು.

ಮನೆಗೆ ಬಂದೆವು. ಗಂಜಿಯ ತಿಳಿ, ತಣ್ಣಗಿನ ಹಾಲು. ಡಾಕ್ಟ್ರು ಹೇಳಿದ್ದ ಒಂದು ವಾರ ಕಳೆಯಿತೆಂದು ನಾನು ಮೊದಲ ಸಲ ಧೈರ್ಯವಾಗಿ ಉಸಿರು ಬಿಟ್ಟ ಮಧ್ಯಾಹ್ನವೇ, ಲೋಟ ಬಾಯಿಗಿಟ್ಟಾಗ ಹಾಲು ಕೆಂಪಾಯಿತು. ಕೆಮ್ಮಿದೆ. ಅಡುಗೆಮನೆಯ ಬಿಳಿ ಟೈಲ್ಸಿನ ಮೇಲೆ ಸೊಂಟದೆತ್ತರಕ್ಕೆ ರಕ್ತ ಹಾರಿತು. ಬಾಯಿ ತುಂಬುತ್ತಿತ್ತು, ಉಗುಳಿದರೆ ಮತ್ತೆ ತುಂಬುತ್ತಿತ್ತು, ಉಗುಳದಿದ್ದರೆ ಗಂಟಲಿಗೆ ಇಳಿದು ಉಸಿರು ಕಟ್ಟುತ್ತಿತ್ತು. ಇಷ್ಟು ವರ್ಷ ನಿದ್ದೆಯಲ್ಲಿ ಮುಳುಗಿದವನು ಈಗ ಹಾಡಹಗಲು ನನ್ನದೇ ರಕ್ತದಲ್ಲಿ ಮುಳುಗುತ್ತಿದ್ದೆ.

ಅದೃಷ್ಟಕ್ಕೆ ಉದಯ ಆ ದಿನ ಉಪ್ಪಳಕ್ಕೆ ಸಾಮಾನು ತಂದಿದ್ದ. ಟೆಂಪೋದ ಮುಂದಿನ ಸೀಟಿನಲ್ಲಿ ಜಲಜ ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸಿ ಹಿಡಿದಳು, ಮೊಣಕಾಲ ನಡುವೆ ಪಾತ್ರೆ ತೊಳೆಯುವ ಬೇಸಿನ್ನು. ಹೆದ್ದಾರಿಯ ಹೊಂಡಗಳಿಗೆ ಟೆಂಪೋ ಬಿದ್ದಾಗಲೆಲ್ಲ ಬೇಸಿನ್ನಿನದ್ದು ಅವಳ ಸೀರೆಗೆ ಚೆಲ್ಲುತ್ತಿತ್ತು.

"ನುಂಗಬೇಡಿ! ಉಗುಳಿ! ಉದಯಾ, ಓಡಿಸು!"

"ಎದುರು ಲಾರಿ ಉಂಟು ಅಕ್ಕ!"

"ಲಾರಿಗೆ ಗುದ್ದು!"

ನನಗೆ ಕಣ್ಣು ಕತ್ತಲೆ ಬರುತ್ತಿತ್ತು. ರೆಪ್ಪೆ ಮುಚ್ಚಿದ ಕೂಡಲೇ ಪಕ್ಕೆಗೆ ಅವಳ ಗುದ್ದು ಬೀಳುತ್ತಿತ್ತು, ಹಳೆಯ ಜಾಗಕ್ಕೇ, ಹಳೆಯ ಬಲದಲ್ಲೇ. ನೋವಿನಲ್ಲೂ ಒಂದು ಯೋಚನೆ ಬಂತು: ಇವಳು ಹೊಡೆಯುತ್ತಿರುವವರೆಗೆ ನಾನು ಸಾಯುವುದಿಲ್ಲ. ಆಸ್ಪತ್ರೆಯಲ್ಲಿ ಮತ್ತೆ ಟೇಬಲ್ಲಿಗೆ ಹಾಕಿ, ಸುಟ್ಟು, ರಕ್ತ ನಿಲ್ಲಿಸಿದರು. ಹೊರಗೆ ರಕ್ತದಲ್ಲಿ ತೊಯ್ದು ಕೂತ ಜಲಜೆಯನ್ನು ನೋಡಿ ಯಾರೋ ಸ್ಟ್ರೆಚರ್ ತಂದರಂತೆ, ಪೇಷೆಂಟು ಅವಳೇ ಎಂದು.

ಗಾಯ ಮಾಗಿತು. ಮಾತು ಮೊದಲು ಕುಡಿದವನ ಹಾಗೆ, ಆಮೇಲೆ ಬಾಯಲ್ಲಿ ಅಡಕೆ ಇಟ್ಟವನ ಹಾಗೆ, ಈಗ ಹೆಚ್ಚುಕಡಿಮೆ ನನ್ನ ಹಾಗೆ. ಉಪ್ಪು ಸಿಗುತ್ತದೆ, ಕಹಿ ಸರಿಯಾಗಿ ಸಿಗುವುದಿಲ್ಲ. ಹಾಗಲಕಾಯಿ ಪಲ್ಯ ಮಾಡುವ ದಿನ ಇದೊಂದು ಸೌಭಾಗ್ಯ. ಮತ್ತೊಮ್ಮೆ ವಯರು ಅಂಟಿಸಿ ಪರೀಕ್ಷಿಸಿದ ಡಾಕ್ಟ್ರು, ತೊಂದರೆ ಪೂರ್ತಿ ಹೋಗಿಲ್ಲ, ಆದರೆ ಹೆದರುವ ಮಟ್ಟ ದಾಟಿದೆ, ತೂಕ ಇಳಿಸಿ, ಮಗ್ಗುಲಾಗಿ ಮಲಗಿ ಎಂದರು. ಹೊಳೆಯ ಕನಸು ನಿಂತಿತು.

ಏಟು ನಿಲ್ಲಲಿಲ್ಲ.

ಅದು ನಾವು ಎಣಿಸಿರದ ಸಂಗತಿ. ಇಷ್ಟು ವರ್ಷ ಜಲಜೆಯ ಪಾಲಿಗೆ ಗೊರಕೆ ಎಂದರೆ ಜೀವ, ನಿಶ್ಶಬ್ದ ಎಂದರೆ ಸಾವು. ಈಗ ನಾನು ನಿಶ್ಶಬ್ದವಾಗಿ ಮಲಗುತ್ತಿದ್ದೆ. ಅವಳು ಕಾಯುತ್ತಿದ್ದಳು, ಆಮೇಲೆ ಎದೆಗೆ ಗುದ್ದುತ್ತಿದ್ದಳು. ಸುಖವಾಗಿ ಉಸಿರಾಡುತ್ತಿದ್ದವನು ಅರಚಿಕೊಂಡು ಏಳುತ್ತಿದ್ದೆ.

"ಉಸಿರು ಉಂಟು ಮಾರಾಯ್ತಿ! ರಿಪೋರ್ಟಿನಲ್ಲಿ ಬರ್ದಿದ್ದಾರಲ್ಲ!"

"ಕಾಗದ ಉಸಿರಾಡ್ತದಾ? ನನಗೆ ಕೇಳುವುದಿಲ್ಲ."

ಬೇರೆ ಕೋಣೆಯಲ್ಲಿ ಮಲಗಿದೆ. ಬಾಗಿಲ ಹೊರಗೆ ಬಂದು ಕೂತಳು. ನನ್ನ ನಾಲಗೆ ಕೊಯ್ದು ಸರಿ ಮಾಡಿದರು, ಅವಳ ಕಿವಿಯನ್ನು ಕೊಯ್ಯುವವರು ಯಾರು? ಕಣ್ಣ ಕೆಳಗಿನ ಕಪ್ಪು ಹಾಗೆಯೇ ಇತ್ತು. ನಾನು ಬದುಕಿದ್ದರಿಂದ ಅವಳಿಗೆ ಏನೂ ಸಿಕ್ಕಿರಲಿಲ್ಲ. ನನ್ನ ಹಳೆಯ ಚಿಂತೆಗಳೆಲ್ಲ ಮೂಲೆಗೆ ಹೋಗಿ ಇದೊಂದೇ ಉಳಿಯಿತು.

ಕೊನೆಗೆ ಉದಯ ಬಂದ. "ಅಕ್ಕನನ್ನು ಪುತ್ತಿಗೆಗೆ ಕರ್ಕೊಂಡು ಹೋಗ್ತೇನೆ ಭಾವ. ನೀವು ಬರುವುದು ಬೇಡ." ಅವಳು ಬರುವುದಿಲ್ಲವೆಂದಳು. ಅವನು ಅವಳ ಚೀಲವನ್ನು ಟೆಂಪೋಕ್ಕೆ ಎಸೆದ. ಅವಳು ಅವನಿಗೆ ಗುದ್ದಿದಳು. ಅವನು ಗುದ್ದಿಸಿಕೊಂಡೇ ಹತ್ತಿಸಿದ. ಆಯಿಸುಮ್ಮ ಬೇಲಿಯ ಮೇಲಿಂದ ನೋಡುತ್ತಾ, "ಈ ಮನೆಯಲ್ಲಿ ಹೊಡೆಯದೆ ಒಂದು ಕೆಲಸವೂ ಆಗುವುದಿಲ್ಲವಾ?" ಎಂದರು.

ಆ ಸಂಜೆ ಫೋನಿನ ಮೇಲೆ ಫೋನು. "ಉಂಟಾ?" "ಉಂಟು." "ಮಗ್ಗುಲಾಗಿ ಮಲಗಿ." "ಮಲಗ್ತೇನೆ." ಮತ್ತೆ, "ಉಂಟಾ?" ಆಮೇಲೆ ಯಾಕೋ ಫೋನು ಬರಲಿಲ್ಲ. ಬೆಳಿಗ್ಗೆಯೂ ಬರಲಿಲ್ಲ. ಮಿಲ್ಲು ತೆರೆದೆ, ಎರಡು ಸಲ ಹುಡಿ ತಪ್ಪು ಚೀಲಕ್ಕೆ ತುಂಬಿಸಿದೆ. ಊಟದ ಹೊತ್ತಿಗೆ ಉದಯನ ಫೋನು ಬಂತು. ಮೆಷೀನು ಬಂದ್ ಮಾಡಿದೆ.

"ಭಾವ, ಅಕ್ಕ ಏಳುವುದೇ ಇಲ್ಲ. ನಿನ್ನೆ ಫೋನು ಕೈಯಲ್ಲಿ ಹಿಡ್ಕೊಂಡು ಮಲಗಿದವಳು. ಮಕ್ಕಳು ಗಲಾಟೆ ಮಾಡಿದರು, ಪಾತ್ರೆ ಬಿತ್ತು, ಅಲ್ಲಾಡಲಿಲ್ಲ. ನನಗೆ ಹೆದ್ರಿಕೆ ಆಗ್ತದೆ. ಎಬ್ಬಿಸ್ಲಾ?"

"ಉಸಿರು ಉಂಟಾ? ಹತ್ತಿರ ಹೋಗಿ ನೋಡು."

ಅವನು ಹೋದ. ಫೋನಿನಲ್ಲಿ ಅವನ ಹೆಜ್ಜೆ, ಬಾಗಿಲು ಕಿರುಗುಟ್ಟಿದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದರಲ್ಲಿ ನಾನು ನಿಂತಿದ್ದೆ. ಇಷ್ಟು ವರ್ಷ ಅವಳು ನಿಂತದ್ದು ಅಲ್ಲೇ.

"ಉಂಟು ಭಾವ" ಎಂದ, ಪಿಸುದನಿಯಲ್ಲಿ. "ಚೆನ್ನಾಗಿ ಉಂಟು."

"ಹಾಗಾದ್ರೆ ಬಾಗಿಲು ಎಳೆದು ಹೊರಗೆ ಬಾ ಮಾರಾಯ. ಮುಟ್ಟಬೇಡ. ಅವಳು ಮಲಗ್ಲಿ."